ಮಾರ್ಚುರಿ ಕೆಲ್ಸಕ್ಕೆ ಸೇರ್ಬೇಕು ಅನ್ನೋರಿಗೆ ಕೋಲಾರದಿಂದ ಒಂದು ಪೂರ್ತಿ ಗೈಡ್

ಹೋದ ತಿಂಗ್ಳು ಶ್ರೀನಿವಾಸಪುರದ ಕಡೆ ಹುಡುಗ ಒಬ್ಬ ನಮ್ಮ ಮಾರ್ಚುರಿ ಗೇಟ್ ಹತ್ರ ಸುಮಾರು ಹೊತ್ತು ನಿಂತಿದ್ದ. ಯಾರದೋ ಪೋಸ್ಟ್‌ಮಾರ್ಟಂಗೆ ಬಂದಿರ್ಬೇಕು ಅಂದ್ಕೊಂಡು ಮಾತಾಡ್ಸಿದ್ರೆ, ಇಲ್ಲಣ್ಣ, ಈ ಕೆಲ್ಸಕ್ಕೆ ಹೆಂಗೆ ಸೇರೋದು ಅಂತ ಕೇಳೋಣ ಅಂತ ಬಂದೆ ಅಂದ. ಆಮೇಲೆ ಸ್ವಲ್ಪ ತಡೆದು, ಇದಕ್ಕೆ ಕುಡೀಲೇಬೇಕಂತೆ ಹೌದಾ ಅಂತ ಕೇಳ್ದ.

ಕುಡೀಬೇಕಾಗಿಲ್ಲ. ನಾನು ಹನ್ನೊಂದು ವರ್ಷದಿಂದ ಇದ್ರಲ್ಲಿದೀನಿ, ಹೊರಗುತ್ತಿಗೆ ಅಟೆಂಡರ್ ಆಗಿ ಸೇರಿ ಈಗ ಒಂದು ಫೋರೆನ್ಸಿಕ್ ಡಿಪಾರ್ಟ್‌ಮೆಂಟಲ್ಲಿ ಪಿಎಂ (ಪೋಸ್ಟ್‌ಮಾರ್ಟಂ) ಅಸಿಸ್ಟೆಂಟ್ ಆಗಿದೀನಿ, ಒಂದು ದಿನಾನೂ ಕುಡಿದು ಟೇಬಲ್ ಹತ್ರ ಹೋಗಿಲ್ಲ. ಕುಡಿದವ್ನ ಕೈ ನಡುಗುತ್ತೆ, ಟ್ಯಾಗ್ ಅದಲುಬದಲಾಗುತ್ತೆ, ಚಾಕು ತನ್ನ ಬೆರಳಿಗೇ ಬೀಳುತ್ತೆ. ಈ ಕೆಲ್ಸಕ್ಕೆ ಎದೆಗಾರಿಕೆ ಬೇಕು ಅಂತಾರೆ, ಬೇಕು ನಿಜ, ಆದ್ರೆ ಅದು ಎರಡನೇ ವಾರಕ್ಕೆ ತಾನಾಗೇ ಬರುತ್ತೆ. ಬರದೇ ಇರೋದು, ಕಲೀಲೇಬೇಕಾದ್ದು ಬೇರೆ ಇದೆ: ಮುಟ್ಟೋಕೆ ಮುಂಚೆ ನೋಡೋದು, ನೋಡಿದ್ದನ್ನ ಬರೆಸೋದು, ಆಮೇಲೆ ಕೈ ಹಾಕೋದು. ಆ ಹುಡುಗನಿಗೆ ಗೇಟ್ ಹತ್ರ ನಿಂತ್ಕೊಂಡು ಹೇಳೋಕಾಗಿದ್ದು ಹತ್ತು ನಿಮಿಷದ ಮಾತು ಅಷ್ಟೆ, ಅದಕ್ಕೆ ಪೂರ್ತಿ ಇಲ್ಲಿ ಬರೀತಿದೀನಿ.

ಹೆಜ್ಜೆ 1: ಒಳಗೆ ಏನು ನಡಿಯುತ್ತೆ ಅಂತ ಮೊದ್ಲು ತಿಳ್ಕೊಳಿ

ಮಾರ್ಚುರಿಗೆ ಎರಡು ಥರ ಬಾಡಿ ಬರುತ್ತೆ. ಒಂದು, ವಾರ್ಡಲ್ಲಿ ಕಾಯಿಲೆಯಿಂದ ತೀರಿಕೊಂಡು ಮನೆಯವ್ರು ಬರೋ ತನಕ ಫ್ರೀಜರಲ್ಲಿ ಇರೋದು. ಇದಕ್ಕೆ ಪೋಸ್ಟ್‌ಮಾರ್ಟಂ ಇಲ್ಲ, ಡಾಕ್ಟ್ರು ಸಾವಿನ ಕಾರಣ ಬರೆದುಕೊಟ್ರೆ ಆಸ್ಪತ್ರೆಯೇ ಮನೆಯವ್ರಿಗೆ ಕೊಡುತ್ತೆ. ಇನ್ನೊಂದು ಎಂಎಲ್‌ಸಿ, ಮೆಡಿಕೋ ಲೀಗಲ್ ಕೇಸು, ಅಂದ್ರೆ ಆಕ್ಸಿಡೆಂಟು, ನೇಣು, ವಿಷ, ನೀರಲ್ಲಿ ಮುಳುಗಿದ್ದು, ಸುಟ್ಟಿದ್ದು, ಹೊಡೆದಾಟ, ಕಾರಣ ಗೊತ್ತಿಲ್ಲದ ಸಾವು. ನಮ್ಮ ಕಡೆ ಏನೇನು ಬರುತ್ತೆ ಅಂತ ಹೇಳ್ಬೇಕು ಅಂದ್ರೆ ಬೆಂಗಳೂರು ಚೆನ್ನೈ ಹೈವೇ ಆಕ್ಸಿಡೆಂಟು, ಬಂಗಾರಪೇಟೆ ಕಡೆಯಿಂದ ರೈಲ್ವೆ ಟ್ರ್ಯಾಕ್ ಕೇಸು, ತೋಟಕ್ಕೆ ಹೊಡಿಯೋ ಔಷಧಿ ಕುಡಿದವ್ರು, ಕೃಷಿ ಹೊಂಡ ಮತ್ತೆ ಕೆರೆಗಳಲ್ಲಿ ಮುಳುಗಿದವ್ರು. ಕೆಸಿ ವ್ಯಾಲಿ ನೀರು (ಬೆಂಗಳೂರಿನ ಕೊಳಚೆ ನೀರನ್ನ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಬಿಡೋದು) ಬಂದ ಮೇಲೆ ವರ್ಷಗಟ್ಟಲೆ ಒಣಗಿದ್ದ ಕೆರೆಗಳು ತುಂಬಿದಾವೆ, ಈಜು ಬರದ ಹುಡುಗ್ರ ಒಂದು ತಲೆಮಾರೇ ಆ ಒಣಕೆರೆಗಳ ಪಕ್ಕ ಬೆಳೆದಿತ್ತು ಅನ್ನೋದನ್ನ ಯಾರೂ ಯೋಚ್ನೆ ಮಾಡಿಲ್ಲ.

ಎಂಎಲ್‌ಸಿ ಬಾಡಿಗೆ ಪೊಲೀಸ್ನೋರೇ ವಾರಸುದಾರರು ಇದ್ದ ಹಾಗೆ, ಅವ್ರ ಪೇಪರ್ ಇಲ್ದೆ ಏನೂ ನಡಿಯಲ್ಲ. ಮೊದ್ಲು ಯುಡಿಆರ್ (ಅಸಹಜ ಸಾವಿನ ವರದಿ) ಅಥವಾ ಎಫ್‌ಐಆರ್ ಆಗುತ್ತೆ, ಆಮೇಲೆ ಪಂಚರನ್ನ ಇಟ್ಕೊಂಡು ಶವ ಪಂಚನಾಮೆ, ಆಮೇಲೆ ಡಾಕ್ಟ್ರಿಗೆ ಪಿಎಂ ಮಾಡ್ಕೊಡಿ ಅಂತ ರಿಕ್ವಿಸಿಷನ್. ಇದಕ್ಕೆ ಹಳಬ್ರು ಇನ್ನೂ ಹಳೇ ಸಿಆರ್‌ಪಿಸಿ ಸೆಕ್ಷನ್ 174 ಅಂತಾನೇ ಹೇಳ್ತಾರೆ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದ ಮೇಲೆ ಅದು 194 ಆಗಿದೆ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಮಗಳು ಹೀಗೆ ತೀರಿಕೊಂಡ್ರೆ ತಹಶೀಲ್ದಾರ್ ಥರದ ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟ್ ಬಂದು ಪಂಚನಾಮೆ ಮಾಡ್ತಾರೆ, ಪೊಲೀಸ್ ಕಸ್ಟಡೀಲಿ ಆದ್ರೆ ನ್ಯಾಯಾಂಗದ ಮ್ಯಾಜಿಸ್ಟ್ರೇಟ್. ಇದೆಲ್ಲ ಅಟೆಂಡರ್‌ಗೆ ಯಾಕೆ ಅಂತೀರಾ? ಬೆಳಿಗ್ಗೆ ಎಂಟಕ್ಕೆ ಗೇಟ್ ತೆಗೆದಾಗ ಇಪ್ಪತ್ತು ಜನ ನಿಮ್ಮನ್ನೇ ಕೇಳೋದು, ಯಾವಾಗ ಕೊಡ್ತೀರಾ ಅಂತ. ತಹಶೀಲ್ದಾರ್ ಬರ್ಬೇಕು ಅದಕ್ಕೆ ತಡ ಅಂತ ಬಿಡಿಸಿ ಹೇಳಿದ್ರೆ ಅವ್ರು ಕೂತ್ಕೋತಾರೆ, ಗೊತ್ತಿಲ್ಲ ಹೋಗ್ರಿ ಅಂದ್ರೆ ಗಲಾಟೆ.

ರಾತ್ರಿ ಪಿಎಂ ಯಾಕೆ ಮಾಡಲ್ಲ ಅನ್ನೋದು ಇನ್ನೊಂದು ದಿನನಿತ್ಯದ ಪ್ರಶ್ನೆ. 2021ರ ನವೆಂಬರಲ್ಲಿ ಕೇಂದ್ರ ಆರೋಗ್ಯ ಇಲಾಖೆ, ಸರಿಯಾದ ಬೆಳಕು ಸೌಕರ್ಯ ಇರೋ ಆಸ್ಪತ್ರೇಲಿ ಸೂರ್ಯ ಮುಳುಗಿದ ಮೇಲೂ ಮಾಡ್ಬೋದು ಅಂತ ಹೇಳ್ತು, ಆದ್ರೆ ಕೊಲೆ, ಆತ್ಮಹತ್ಯೆ, ಅತ್ಯಾಚಾರ, ಕೊಳೆತ ಬಾಡಿ, ಅನುಮಾನ ಇರೋ ಕೇಸು ಇವನ್ನ ಕಾನೂನು ಸುವ್ಯವಸ್ಥೆ ಸಮಸ್ಯೆ ಇದ್ರೆ ಮಾತ್ರ ರಾತ್ರಿ ಮಾಡ್ಬೇಕು, ಇಲ್ಲಾಂದ್ರೆ ಬೆಳಿಗ್ಗೆ.

ಹೆಜ್ಜೆ 2: ಯಾವ ಬಾಗಿಲಿಂದ ಒಳಗೆ ಹೋಗೋದು

ಎಸ್‌ಎಸ್‌ಎಲ್‌ಸಿ ಆಗಿದ್ರೆ ಸಾಕು ಅನ್ನೋ ದಾರಿ ಅಂದ್ರೆ ಅಟೆಂಡರ್ ಕೆಲ್ಸ. ಸರ್ಕಾರಿ ಆಸ್ಪತ್ರೆಗಳಲ್ಲಿ ಗ್ರೂಪ್ ಡಿ ಕೆಲ್ಸ ಹೆಚ್ಚುಕಮ್ಮಿ ಹೊರಗುತ್ತಿಗೆಗೆ ಹೋಗಿದೆ, ಟೆಂಡರ್ ಆದ ಏಜೆನ್ಸಿ ಜನ ತಗೊಳುತ್ತೆ. ಪೇಪರಲ್ಲಿ ಮಾರ್ಚುರಿ ಅಟೆಂಡರ್ ಬೇಕು ಅಂತ ಜಾಹೀರಾತು ಬರುತ್ತೆ ಅಂತ ಕಾಯ್ತಾ ಕೂತ್ರೆ ವರ್ಷ ಕಳಿಯುತ್ತೆ. ಕೋಲಾರದವ್ರಾದ್ರೆ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಆಫೀಸಲ್ಲಿ, ತುಮಕೂರಿನವ್ರು ಅಲ್ಲಿನ ಜಿಲ್ಲಾ ಆಸ್ಪತ್ರೇಲಿ ಹೋಗಿ, ಹೊರಗುತ್ತಿಗೆ ಯಾವ ಏಜೆನ್ಸಿದು, ಮಾರ್ಚುರಿಗೆ ಜನ ಬೇಕಾ ಅಂತ ನೇರವಾಗಿ ಕೇಳಿ. ಬೇರೆ ಕೆಲ್ಸಕ್ಕೆ ನೂರು ಜನ ಇರ್ತಾರೆ, ಮಾರ್ಚುರಿಗೆ ತಾನಾಗಿ ಬರ್ತೀನಿ ಅನ್ನೋನು ಸಿಗಲ್ಲ, ನಿಮ್ಮ ನಂಬರ್ ಬರ್ಕೊಂಡೇ ಬರ್ಕೋತಾರೆ. ಆಧಾರ್, ಮಾರ್ಕ್ಸ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಜೊತೆಗೆ ಸೇವಾ ಸಿಂಧುನಲ್ಲಿ ಪೊಲೀಸ್ ವೆರಿಫಿಕೇಷನ್ ಮಾಡಿಸಿಟ್ಕೊಂಡ್ರೆ ಒಳ್ಳೇದು.

ನನ್ನ ಪ್ರಕಾರ ಕಲಿಯೋಕೆ ಒಳ್ಳೆ ಜಾಗ ಅಂದ್ರೆ ಮೆಡಿಕಲ್ ಕಾಲೇಜ್. ಕೋಲಾರದ ಟಮಕದಲ್ಲಿ ದೇವರಾಜ ಅರಸು ಮೆಡಿಕಲ್ ಕಾಲೇಜ್, ತುಮಕೂರಿನ ಅಗಳಕೋಟೆಯಲ್ಲಿ ಸಿದ್ಧಾರ್ಥ, ಚಿಕ್ಕಬಳ್ಳಾಪುರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜ್ ಇದಾವೆ. ಮೆಡಿಕಲ್ ಕಾಲೇಜ್ ಅಂದ್ಮೇಲೆ ಎರಡು ಡಿಪಾರ್ಟ್‌ಮೆಂಟಲ್ಲಿ ನಮ್ಮಂಥೋರು ಬೇಕು. ಒಂದು ಫೋರೆನ್ಸಿಕ್ ಮೆಡಿಸಿನ್, ಇನ್ನೊಂದು ಅನಾಟಮಿ. ಅನಾಟಮೀಲಿ ದೇಹದಾನ ಮಾಡಿದೋರ ಬಾಡೀನ ಮತ್ತೆ 1957ರ ಕರ್ನಾಟಕ ಅನಾಟಮಿ ಆಕ್ಟ್ ಪ್ರಕಾರ ಬರೋ ವಾರಸುದಾರರಿಲ್ಲದ ಬಾಡೀನ ಎಂಬಾಮ್ ಮಾಡಿ, ಅಂದ್ರೆ ಕೊಳೆಯದ ಹಾಗೆ ರಾಸಾಯನಿಕ ತುಂಬಿ, ವಿದ್ಯಾರ್ಥಿಗಳಿಗೆ ಇಡ್ತಾರೆ. ಅಲ್ಲಿ ಎರಡು ವರ್ಷ ಇದ್ದು ಎಂಬಾಮಿಂಗ್ ಕೈಗೆ ಬಂತು ಅಂದ್ರೆ ಜೀವನಪೂರ್ತಿ ಅನ್ನ ಕೊಡುತ್ತೆ, ಯಾಕೆ ಅಂತ ಮುಂದೆ ಹೇಳ್ತೀನಿ.

ಓದೋ ಆಸೆ, ವಯಸ್ಸು ಇದ್ರೆ ಪ್ಯಾರಾಮೆಡಿಕಲ್ ಬೋರ್ಡಿನ ಡಿಎಂಎಲ್‌ಟಿ (ಲ್ಯಾಬ್ ಟೆಕ್ನಾಲಜಿ ಡಿಪ್ಲೊಮಾ) ಮಾಡಿ ಲ್ಯಾಬ್ ಟೆಕ್ನಿಷಿಯನ್ ಆಗಿ ಫೋರೆನ್ಸಿಕ್ ಅಥವಾ ಪೆಥಾಲಜಿ ಡಿಪಾರ್ಟ್‌ಮೆಂಟಿಗೆ ಬರ್ಬೋದು. ಬಿಎಸ್ಸಿ ಫೋರೆನ್ಸಿಕ್ ಸೈನ್ಸ್ ಮಾಡಿದ್ರೆ ಮಾರ್ಚುರಿ ಸಿಗುತ್ತೆ ಅಂತ ತುಂಬ ಜನ ಅಂದ್ಕೊಂಡಿದಾರೆ, ಅದು ಎಫ್‌ಎಸ್‌ಎಲ್, ಅಂದ್ರೆ ಸಾಕ್ಷಿ ಪರೀಕ್ಷೆ ಮಾಡೋ ವಿಧಿವಿಜ್ಞಾನ ಲ್ಯಾಬ್ ಕಡೆ ಹೋಗೋ ದಾರಿ, ಟೇಬಲ್ ಕಡೆ ಅಲ್ಲ. ಪೋಸ್ಟ್‌ಮಾರ್ಟಂ ಮಾಡಿ ಸಹಿ ಹಾಕೋರು ಡಾಕ್ಟ್ರು ಮಾತ್ರ, ಅದಕ್ಕೆ ಎಂಬಿಬಿಎಸ್ ಬೇಕು, ಸ್ಪೆಷಲಿಸ್ಟ್ ಆಗೋಕೆ ಆಮೇಲೆ ನೀಟ್ ಪಿಜಿ ಬರೆದು ಮೂರು ವರ್ಷ ಎಂಡಿ ಫೋರೆನ್ಸಿಕ್.

ಹೆಣ್ಮಕ್ಕಳು ಈ ಕೆಲ್ಸಕ್ಕೆ ಬರ್ಬಾರ್ದು ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ. ಮಗಳನ್ನ ಕಳ್ಕೊಂಡ ತಾಯಿ ಬಂದು, ಒಳಗೆ ಹೆಂಗಸ್ರು ಯಾರಾದ್ರೂ ಇದಾರಾ ಅಂತ ಕೇಳ್ದಾಗ ಇಲ್ಲಮ್ಮ ಅಂತ ಹೇಳಿ ಹೇಳಿ ನನಗೆ ಸಾಕಾಗಿದೆ.

ಹೆಜ್ಜೆ 3: ಸೇರೋ ದಿನ ಕೇಳ್ಬೇಕಾದ್ದು

ನಾನು ಮೊದ್ಲು ಸೇರಿದ ಒಂದು ಆಸ್ಪತ್ರೇಲಿ (ಹೆಸ್ರು ಬೇಡ) ಮೂರು ತಿಂಗ್ಳು ಸಂಬಳ ಬರ್ಲಿಲ್ಲ, ಲಸಿಕೆ ಹಾಕ್ಸಿಲ್ಲ, ಒಂದೇ ರಬ್ಬರ್ ಏಪ್ರನ್ ಮೂರು ಜನಕ್ಕೆ. ಕೇಳೋಕೆ ಭಯ ಆಗ್ತಿತ್ತು. ನೀವು ಕೇಳಿ. ಪಿಎಫ್ ಯುಎಎನ್ ನಂಬರ್ ಯಾವುದು, ಇಎಸ್‌ಐ ಕಾರ್ಡ್ ಯಾವಾಗ ಬರುತ್ತೆ ಅಂತ. ಸಂಬಳ 21,000 ರೂಪಾಯಿ ಒಳಗಿದ್ರೆ ಇಎಸ್‌ಐ ವ್ಯಾಪ್ತಿಗೆ ಬರುತ್ತೆ, ನಿಮ್ಮಿಂದ ಹಿಡಿಯೋದು ನೂರಕ್ಕೆ 75 ಪೈಸೆ, ಏಜೆನ್ಸಿ ಕಟ್ಟಬೇಕಾದ್ದು 3.25 ರೂಪಾಯಿ. ಪಿಎಫ್‌ಗೆ ನಿಮ್ಮ ಕಡೆಯಿಂದ ಶೇಕಡ 12. ಹಿಡಿದ ದುಡ್ಡು ಕಟ್ಟಿದಾರಾ ಇಲ್ವಾ ಅಂತ ಪಿಎಫ್ ಪಾಸ್‌ಬುಕ್‌ನ ಮೊಬೈಲಲ್ಲೇ ತಿಂಗ್ಳು ತಿಂಗ್ಳು ನೋಡ್ಕೊಳಿ.

ಇನ್ನೊಂದು ಹೆಪಟೈಟಿಸ್ ಬಿ ಲಸಿಕೆ. ಮೂರು ಡೋಸು, ಇವತ್ತು ಒಂದು, ಒಂದು ತಿಂಗ್ಳಿಗೆ ಒಂದು, ಆರು ತಿಂಗ್ಳಿಗೆ ಒಂದು. ಜೊತೆಗೆ ಧನುರ್ವಾಯು ಲಸಿಕೆ. ಮೊದಲ ಡೋಸ್ ಆಗದೆ ಚಾಕು ಮುಟ್ಟಲ್ಲ ಅಂತ ಹೇಳೋಕೆ ನಿಮಗೆ ಹಕ್ಕಿದೆ.

ಹೆಜ್ಜೆ 4: ಮೊದಲ ಹದಿನೈದು ದಿನ

ಮೊದಲ ದಿನ ಹೊಟ್ಟೆಗೆ ಹಾಕ್ಕೊಂಡು ಹೋಗಿ, ಖಾಲಿ ಹೊಟ್ಟೇಲಿ ನಿಂತ್ರೆ ತಲೆ ಸುತ್ತುತ್ತೆ. ಎರಡು ಮುದ್ದೆ ಬೇಡ, ಎರಡು ಇಡ್ಲಿ ಸಾಕು. ಕಣ್ಣು ಕತ್ತಲೆ ಬಂತು ಅಂದ್ರೆ ಮಾನ ಮರ್ಯಾದೆ ನೋಡ್ದೆ ಆಚೆ ಬಂದು ನೆಲದ ಮೇಲೆ ಕೂತ್ಕೊಳಿ, ಎಂಬಿಬಿಎಸ್ ಹುಡುಗ್ರೂ ವರ್ಷಕ್ಕೆ ಇಬ್ರು ಮೂವರು ಬೀಳ್ತಾರೆ. ವಾಸನೆಗೆ ಮೂಗಿನ ಕೆಳಗೆ ವಿಕ್ಸ್ ಹಚ್ಚೋ ಅಭ್ಯಾಸ ಇದೆ, ನಾನು ಬೇಡ ಅಂತೀನಿ, ಅದು ಮೂಗು ಇನ್ನೂ ಬಿಡಿಸುತ್ತೆ, ಸಾಲ್ದಕ್ಕೆ ಆಮೇಲೆ ಮನೇಲಿ ಮಗು ಶೀತಕ್ಕೆ ವಿಕ್ಸ್ ಹಚ್ಚಿದ್ರೂ ಮಾರ್ಚುರಿ ನೆನಪಾಗುತ್ತೆ. ಸುಮ್ನೆ ಐದಾರು ನಿಮಿಷ ನಿಂತ್ರೆ ಮೂಗು ತಾನೇ ಸೋಲುತ್ತೆ. ಆದ್ರೆ ಎನ್95 ಮಾಸ್ಕ್ ಬೇಕೇ ಬೇಕು, ಅದು ವಾಸನೆಗಲ್ಲ, ಟಿಬಿಗೆ. ತಲೆಬುರುಡೆ ಕೊಯ್ಯೋವಾಗ ಗರಗಸದಿಂದ ಏಳೋ ಪುಡಿ ಕಣ್ಣಿಗೆ ಕಾಣಲ್ಲ.

ಈ ಹದಿನೈದು ದಿನ ಕಲಿಯೋದು ಎತ್ತೋದು, ಇಡೋದು, ಟ್ಯಾಗ್ ಕಟ್ಟೋದು, ರಿಜಿಸ್ಟರ್ ಬರೆಯೋದು ಅಷ್ಟೆ. ಎತ್ತೋವಾಗ ಒಬ್ಬರೇ ಹೋಗ್ಬೇಡಿ, ಸೊಂಟ ಹೋದೋರು ನಮ್ಮಲ್ಲಿ ತುಂಬ ಜನ ಇದಾರೆ. ಟ್ರೇ ಮತ್ತೆ ಟ್ರಾಲಿ ಒಂದೇ ಎತ್ತರಕ್ಕೆ ತಂದು ಬೆಡ್‌ಶೀಟ್ ಸಮೇತ ಜಾರಿಸಿ.

ಟ್ಯಾಗ್ ವಿಷ್ಯ ಮಾತ್ರ ನಿಧಾನಕ್ಕೆ ಓದಿ. ಒಂದು ಬಾಡಿಗೆ ಎರಡು ಟ್ಯಾಗ್, ಒಂದು ಮಣಿಕಟ್ಟಿಗೆ ಇನ್ನೊಂದು ಕಾಲ್ಬೆರಳಿಗೆ, ಮೂರನೇದು ಫ್ರೀಜರ್ ಬಾಗಿಲ ಮೇಲೆ. ಹೆಸ್ರು, ವಯಸ್ಸು, ಎಂಎಲ್‌ಸಿ ನಂಬರ್, ಸ್ಟೇಷನ್, ತಾರೀಖು, ಟೈಮು. ನೀರಿಗೆ ಅಳಿಸಿಹೋಗದ ಮಾರ್ಕರಲ್ಲಿ ಬರೀಬೇಕು. ಹೆಸ್ರು ಗೊತ್ತಿಲ್ದಿದ್ರೆ ಅಪರಿಚಿತ ಗಂಡಸು ಅಂತ ಬರೆದು ಸುಮ್ನಾಗ್ಬೇಡಿ, ಎಲ್ಲಿ ಸಿಕ್ತು ಅಂತಾನೂ ಬರೀರಿ. ಬಾಡಿ ಹೊರಗೆ ಹೋಗೋವಾಗ ಟ್ಯಾಗ್ ಓದಿ, ರಿಜಿಸ್ಟರ್ ಓದಿ, ಮನೆಯವ್ರಿಗೆ ಮುಖ ತೋರಿಸಿ, ಮೂರೂ ತಾಳೆಯಾದ್ರೆ ಮಾತ್ರ ಸಹಿ. ವೆಂಕಟೇಶಪ್ಪ ಅನ್ನೋ ಹೆಸ್ರು ನಮ್ಮ ಜಿಲ್ಲೇಲಿ ಎಷ್ಟು ಜನಕ್ಕಿದೆ ಯೋಚ್ನೆ ಮಾಡಿ, ಒಂದೇ ದಿನ ಇಬ್ರು ವೆಂಕಟೇಶಪ್ಪ ಬಂದಿದ್ದು ನಾನೇ ನೋಡಿದೀನಿ, ಇಬ್ರಿಗೂ ಅರವತ್ತರ ಆಸುಪಾಸು. ಅವತ್ತು ತಂದೆ ಹೆಸ್ರು, ಊರು ಎರಡೂ ಟ್ಯಾಗಲ್ಲಿ ಸೇರಿಸಿ ಬೇರೆ ಬೇರೆ ಕಡೆ ಇಟ್ವಿ.

ಫ್ರೀಜರ್ 4 ಡಿಗ್ರಿ ಆಸುಪಾಸು ಇರ್ಬೇಕು, ಕರೆಂಟ್ ಹೋಗಿ ಬಂದಾಗಲೆಲ್ಲ ಹೋಗಿ ಮೀಟರ್ ನೋಡಿ, ಬರೆದಿಡಿ. ಬೇಸಿಗೇಲಿ ಬಾಡಿ ಆಚೆ ಬಿಟ್ರೆ ಒಂದು ದಿನದೊಳಗೆ ಬಲಗಡೆ ಕೆಳಹೊಟ್ಟೆ ಮೇಲೆ ಹಸಿರು ಬಣ್ಣ ಶುರುವಾಗುತ್ತೆ, ಕೊಳೆಯೋದು ಅಲ್ಲಿಂದಾನೇ.

ಹೆಜ್ಜೆ 5: ಮುಟ್ಟೋಕೆ ಮುಂಚೆ ನೋಡೋದು

ಇದು ನಾನು ಮಾಡಿದ ತಪ್ಪು. ಸೇರಿ ಎರಡು ತಿಂಗ್ಳಾಗಿತ್ತು. ಕೃಷಿ ಹೊಂಡದಲ್ಲಿ ಬಿದ್ದ ಹತ್ತು ಹನ್ನೆರಡು ವರ್ಷದ ಹುಡುಗನ್ನ ತಂದಿದ್ರು. ಹೊಂಡಕ್ಕೆ ಪ್ಲಾಸ್ಟಿಕ್ ಶೀಟ್ ಹಾಸಿರ್ತಾರಲ್ಲ, ಒಂದು ಸಲ ಜಾರಿದ್ರೆ ಮೇಲೆ ಬರೋಕೆ ಹಿಡ್ಕೊಳ್ಳೋಕೆ ಏನೂ ಇರಲ್ಲ. ಅಪ್ಪ ಹೊರಗೆ ಗೋಡೆಗೆ ಒರಗಿ ನಿಂತಿದ್ರು. ಹುಡುಗನ ಕೈಯೆಲ್ಲ ಕೆಸರು ಪಾಚಿ, ಅಪ್ಪ ಹೀಗೆ ನೋಡ್ಬಾರ್ದು ಅಂತ ನಾನು ಬಟ್ಟೆ ಒದ್ದೆ ಮಾಡ್ಕೊಂಡು ಒಂದು ಕೈ ಪೂರ್ತಿ ಒರೆಸಿ, ಉಗುರು ಸಂದೀನೂ ಕ್ಲೀನ್ ಮಾಡ್ದೆ. ಎರಡನೇ ಕೈ ಹಿಡಿದಿದ್ದೆ, ಡಾಕ್ಟ್ರು ಬಂದ್ರು. ಬೈಲಿಲ್ಲ. ಒರೆಸದೇ ಇದ್ದ ಕೈನ ಬೆಳಕಿಗೆ ಹಿಡಿದು ಉಗುರೊಳಗೆ ತೋರಿಸಿದ್ರು, ಶೀಟಿಗೆ ಅಂಟಿರೋ ಹಸಿರು ಪಾಚಿ ಐದು ಬೆರಳಲ್ಲೂ ತುಂಬ್ಕೊಂಡಿತ್ತು. ಅವ್ನು ಜೀವಂತ ಬಿದ್ದು, ಹತ್ತೋಕೆ ಪರಚಿದಾನೆ, ಸತ್ತ ಮೇಲೆ ಯಾರೋ ಹಾಕಿದ್ದಲ್ಲ ಅಂತ ಹೇಳೋಕೆ ಇದೊಂದು ಗುರುತು ಅಂದ್ರು. ಮೂಗಲ್ಲಿರೋ ಸಣ್ಣ ಬಿಳಿ ನೊರೆ, ನೆನೆದು ಸುಕ್ಕಾದ ಅಂಗೈ ಅದೂ ತೋರಿಸಿದ್ರು. ಆ ಇನ್ನೊಂದು ಕೈ ಇಲ್ದೇ ಹೋಗಿದ್ರೆ, ಆ ಅಪ್ಪನ ಮೇಲೆ ಯಾರಾದ್ರೂ ಅನುಮಾನ ಪಟ್ಟಿದ್ರೆ, ನಾನು ಕರುಣೆಯಿಂದ ಒರೆಸಿದ್ದು ಏನು ಮಾಡಿರ್ತಿತ್ತು ಅಂತ ಇವತ್ತಿಗೂ ಯೋಚ್ನೆ ಬರುತ್ತೆ.

ಅದಕ್ಕೆ ಕ್ರಮ ಹೀಗೆ. ಡಾಕ್ಟ್ರು ಹೊರಗಿನ ಪರೀಕ್ಷೆ ಮುಗಿಸೋ ತನಕ ತೊಳೆಯೋ ಹಾಗಿಲ್ಲ, ಬಟ್ಟೆ ಕತ್ತರಿಸೋ ಹಾಗಿಲ್ಲ, ಕೂದಲು ಬಾಚೋ ಹಾಗಿಲ್ಲ. ನೇಣಿನ ಕೇಸಲ್ಲಿ ಹಗ್ಗದ ಗಂಟು ಬಿಚ್ಚಬಾರ್ದು, ಗಂಟಿಗೆ ದೂರದಲ್ಲಿ ಕತ್ತರಿಸಿ ಎರಡು ತುದೀನೂ ದಾರದಲ್ಲಿ ಕಟ್ಟಿಡಿ. ರಕ್ತ ಆದ ಬಟ್ಟೆನ ನೆರಳಲ್ಲಿ ಒಣಗಿಸಿ ಪೇಪರ್ ಕವರಿಗೆ ಹಾಕಿ, ಪ್ಲಾಸ್ಟಿಕಲ್ಲಿ ಹಾಕಿದ್ರೆ ಬೂಷ್ಟು ಹಿಡಿದು ಸಾಕ್ಷಿ ಹಾಳಾಗುತ್ತೆ.

ಒಡವೆ ತೆಗೆಯೋವಾಗ ಪೊಲೀಸ್ನೋರು ಎದುರಿಗೆ ಇರ್ಬೇಕು, ಲಿಸ್ಟ್ ಆಗ್ಬೇಕು, ಸಹಿ ಆಗ್ಬೇಕು. ಚಿನ್ನ ಅಂತ ಬರೀಬೇಡಿ, ಹಳದಿ ಲೋಹ ಅಂತ ಬರೀರಿ. ಊದಿದ ಬೆರಳಿಂದ ಉಂಗುರ, ಕಾಲುಂಗುರ ಬರಲ್ಲ, ಕಟ್ ಮಾಡೋಕೆ ಮುಂಚೆ ಇದು ಟ್ರೈ ಮಾಡಿ: ಗಟ್ಟಿ ದಾರದ ಒಂದು ತುದಿನ ಉಂಗುರದ ಕೆಳಗೆ ತೂರಿಸಿ, ಉಂಗುರದಿಂದ ಬೆರಳ ತುದಿ ಕಡೆಗೆ ದಾರನ ಒತ್ತೊತ್ತಾಗಿ ಸುತ್ತುಕೊಂಡು ಹೋಗಿ, ಸೋಪ್ ನೀರು ಹಾಕಿ, ಒಳಗಿನ ತುದಿ ಹಿಡಿದು ನಿಧಾನಕ್ಕೆ ಬಿಚ್ಚುತ್ತಾ ಬಂದ್ರೆ ಉಂಗುರ ದಾರದ ಮೇಲೇ ಜಾರ್ಕೊಂಡು ಬರುತ್ತೆ. ಮುರಿಯದ ಕಾಲುಂಗುರ ಅವ್ರ ಮನೆಗೆ ಹೋಗುತ್ತೆ, ಅದು ಸಣ್ಣ ವಿಷ್ಯ ಅಲ್ಲ.

ಹೆಜ್ಜೆ 6: ಟೇಬಲ್ ಮೇಲೆ

ಕೊಯ್ಯೋದು ಡಾಕ್ಟ್ರ ಜವಾಬ್ದಾರಿ. ನೀನೇ ಓಪನ್ ಮಾಡಿ ಇಟ್ಟಿರು, ಬರ್ತೀನಿ ಅನ್ನೋರು ಸಿಗ್ತಾರೆ, ಒಪ್ಕೋಬೇಡಿ, ಕೋರ್ಟಲ್ಲಿ ಕೇಳೋದು ಅವ್ರನ್ನ, ನೋಡ್ಬೇಕಾದ ಕಣ್ಣು ಅವ್ರದು. ನಮ್ಮ ಕೆಲ್ಸ ಅವ್ರ ಪಕ್ಕದಲ್ಲಿ ನಿಂತು ಸಹಾಯ ಮಾಡೋದು. ಗದ್ದದ ಕೆಳಗಿಂದ ಕೆಳಹೊಟ್ಟೆ ತನಕ ನೇರ ಗೆರೆ, ತಲೇಲಿ ಒಂದು ಕಿವಿ ಹಿಂದಿಂದ ಇನ್ನೊಂದು ಕಿವಿ ಹಿಂದಕ್ಕೆ, ಅಂದ್ರೆ ಕೂದಲಲ್ಲಿ ಮುಚ್ಚಿಹೋಗೋ ಹಾಗೆ. ನೇಣು, ಕುತ್ತಿಗೆ ಹಿಸುಕಿದ ಕೇಸಲ್ಲಿ ತಲೆ, ಎದೆ, ಹೊಟ್ಟೆ ಮೊದ್ಲು ಮುಗಿಸಿ ಕುತ್ತಿಗೆ ಕೊನೆಗೆ ತೆಗೀತಾರೆ, ರಕ್ತ ಇಳಿದುಹೋಗಿ ಜಾಗ ಒಣಗಿರುತ್ತೆ, ಸಣ್ಣ ಗಾಯಾನೂ ಕಾಣುತ್ತೆ.

ಚಾಕುನ ಕೈಯಿಂದ ಕೈಗೆ ಕೊಡ್ಬೇಡಿ, ಟ್ರೇನಲ್ಲಿ ಇಡಿ, ಅವ್ರೇ ತಗೋತಾರೆ. ಡಬಲ್ ಗ್ಲೌಸ್. ಮುರಿದ ಪಕ್ಕೆಲುಬು ಚಾಕುಗಿಂತ ಮೋಸ, ಅದ್ರ ಮೇಲೆ ಒಂದು ಬಟ್ಟೆ ಹಾಕಿಟ್ಕೊಳಿ. ಅಕಸ್ಮಾತ್ ಕೊಯ್ಕೊಂಡ್ರೆ ಹಿಂಡ್ಬೇಡಿ, ಬಾಯಿಗೆ ಇಟ್ಕೋಬೇಡಿ, ಸೋಪು ನೀರಲ್ಲಿ ತೊಳೆದು ತಕ್ಷಣ ಹೇಳಿ. ಎಚ್‌ಐವಿ ತಡೆಯೋ ಮಾತ್ರೆ ಎರಡು ಗಂಟೆ ಒಳಗೆ ಶುರುವಾದ್ರೆ ಒಳ್ಳೇದು, 72 ಗಂಟೆ ದಾಟಿದ್ರೆ ಪ್ರಯೋಜನ ಇಲ್ಲ, 28 ದಿನ ತಗೋಬೇಕು. ಬೈತಾರೆ ಅಂತ ಮುಚ್ಚಿಟ್ಟು ಆರು ತಿಂಗ್ಳು ನಿದ್ದೆ ಕೆಡಿಸ್ಕೊಂಡವ್ನನ್ನ ನಾನು ನೋಡಿದೀನಿ.

ವಿಷದ ಕೇಸಲ್ಲಿ ಕಾಳಿಗೆ ಹಾಕೋ ಮಾತ್ರೆ ನುಂಗಿದ್ರೆ, ಅಂದ್ರೆ ಅಲ್ಯೂಮಿನಿಯಂ ಫಾಸ್ಫೈಡ್, ಹೊಟ್ಟೆ ತೆರೆದಾಗ ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನ ವಾಸನೆ ಬರುತ್ತೆ, ಆ ಗ್ಯಾಸ್ ನಮಗೂ ವಿಷ. ಕಿಟಕಿ ಬಾಗಿಲು ತೆಗೆದು, ಎಕ್ಸಾಸ್ಟ್ ಹಾಕಿ, ಮುಖ ಹತ್ರ ತಗೊಂಡು ಹೋಗ್ಬೇಡಿ. ವಿಸ್ರಾ (ವಿಷ ಪರೀಕ್ಷೆಗೆ ಕಳಿಸೋ ಒಳಗಿನ ಅಂಗಗಳು) ಇಡೋ ಕ್ರಮ ಹೀಗೆ, ಜಠರ ಅದರೊಳಗಿನದ್ದರ ಜೊತೆಗೆ ಮತ್ತೆ ಸಣ್ಣ ಕರುಳಿನ ಮೇಲ್ಭಾಗ ಒಂದು ಜಾರಲ್ಲಿ, ಲಿವರ್ ಭಾಗ ಮತ್ತೆ ಎರಡೂ ಕಿಡ್ನಿಯ ಅರ್ಧರ್ಧ ಇನ್ನೊಂದ್ರಲ್ಲಿ, ರಕ್ತ ಬೇರೆ ಬಾಟಲಲ್ಲಿ. ಸಾಮಾನ್ಯವಾಗಿ ಕರಗೋಷ್ಟು ಕರಗಿಸಿದ ಉಪ್ಪಿನ ನೀರು ಹಾಕ್ತಾರೆ. ಜಾರ್ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ತುಂಬಬಾರ್ದು, ಒಳಗೆ ಗ್ಯಾಸ್ ಆಗಿ ಮುಚ್ಚಳ ಹಾರುತ್ತೆ. ವಿಷಕ್ಕೆ ಹೋಗೋ ಜಾರಿಗೆ ಫಾರ್ಮಾಲಿನ್ ಹಾಕಿದ್ರೆ ಪರೀಕ್ಷೆನೇ ಹಾಳು, ಫಾರ್ಮಾಲಿನ್ ಮೈಕ್ರೋಸ್ಕೋಪಿಗೆ ಹೋಗೋ ತುಂಡಿಗೆ ಮಾತ್ರ. ಲೇಬಲ್, ಅರಗಿನ ಸೀಲು, ಸೀಲಿನ ಮಾದರಿ, ಕಾನ್‌ಸ್ಟೇಬಲ್ ಸಹಿ, ಆಮೇಲೆ ಎಫ್‌ಎಸ್‌ಎಲ್‌ಗೆ.

ಮುಗಿದ ಮೇಲೆ ಕಸ ಬೇರೆ ಮಾಡೋದು: ಅಂಗಾಂಶ ಹಳದಿ ಚೀಲ, ಗ್ಲೌಸ್ ಪ್ಲಾಸ್ಟಿಕ್ ಕೆಂಪು, ಸೂಜಿ ಬ್ಲೇಡು ಬಿಳಿ ಡಬ್ಬಿ, ಗಾಜು ನೀಲಿ. ಟೇಬಲ್, ನೆಲ ಒರೆಸೋಕೆ ಶೇಕಡ 1ರ ಹೈಪೋಕ್ಲೋರೈಟ್ (ಬ್ಲೀಚ್) ದ್ರಾವಣ.

ಹೆಜ್ಜೆ 7: ಹೊಲಿಗೆ ಮತ್ತೆ ಕಳಿಸಿಕೊಡೋದು

ಡಾಕ್ಟ್ರು ಗ್ಲೌಸ್ ತೆಗೆದು ಹೋಗ್ತಾರೆ, ಇಲ್ಲಿಂದ ಪೂರ್ತಿ ನಮ್ಮ ಕೆಲ್ಸ. ನನಗೆ ಇಡೀ ವೃತ್ತೀಲಿ ಹೆಮ್ಮೆ ಇರೋದು ಇದ್ರಲ್ಲೇ. ಗೋಣಿಚೀಲ ಹೊಲಿದ ಹಾಗೆ ಎರಡು ಇಂಚಿಗೊಂದು ಹೊಲಿಗೆ ಹಾಕೋರು ಇದಾರೆ, ಮನೆಗೆ ಹೋಗೋ ಅಷ್ಟರಲ್ಲಿ ಬಿಳಿ ಬಟ್ಟೆ ಎಲ್ಲ ಕೆಂಪು. ಮೊದ್ಲು ಒಳಗಿನ ದ್ರವ ಸ್ಪಂಜಲ್ಲಿ ತೆಗೀರಿ, ಅಂಗಗಳನ್ನ ವಾಪಸ್ ಇಡಿ, ಹತ್ತಿ ಇಡಿ. ಬಾಗಿದ ಸೂಜಿ, ಗಟ್ಟಿ ದಾರ, ಅರ್ಧ ಇಂಚಿಗೊಂದು, ಒಳಗಿಂದ ಹೊರಗೆ ಚುಚ್ಚಿ ಎಳೀರಿ, ಚರ್ಮದ ಅಂಚು ಒಳಕ್ಕೆ ಮಡಚ್ಕೊಳುತ್ತೆ. ಬುರುಡೆ ಮುಚ್ಚಳ ಜಾರಿದ್ರೆ ಹಣೆ ಮೇಲೆ ಮೆಟ್ಟಿಲು ಥರ ಕಾಣುತ್ತೆ, ಅದಕ್ಕೆ ಎರಡೂ ಕಡೆ ಮಾಂಸಕ್ಕೆ ಸೇರಿಸಿ ಹೊಲಿದು ಆಮೇಲೆ ಚರ್ಮ ಮುಚ್ಚಿ. ಕೂದಲು ತೊಳೆದು ಬಾಚಿ. ಕಣ್ಣು ಮುಚ್ಚಿಸಿ, ಗದ್ದಕ್ಕೆ ಬಟ್ಟೆ ಕಟ್ಟಿ.

ಮುಂದೆ ಅವ್ರ ಮನೇಲಿ ಏನು ಮಾಡ್ತಾರೆ ಅಂತ ಗೊತ್ತಿದ್ರೆ ಕೆಲ್ಸ ಬೇರೆ ಥರ ಆಗುತ್ತೆ. ಮುಸ್ಲಿಮರು ಮನೇಲಿ ಅಥವಾ ಮಸೀದೀಲಿ ಗುಸುಲ್, ಅಂದ್ರೆ ಬಾಡಿಗೆ ಸ್ನಾನ ಮಾಡಿಸ್ತಾರೆ, ನೀರು ಬಿದ್ರೂ ಸೋರದ ಹಾಗೆ ಹೊಲಿಗೆ ಮೇಲೆ ವಾಟರ್‌ಪ್ರೂಫ್ ಡ್ರೆಸ್ಸಿಂಗ್ ಹಾಕಿ. ಕೆಜಿಎಫ್ ಕಡೆಯ ಕ್ರಿಶ್ಚಿಯನ್ ಕುಟುಂಬದೋರು ಕೋಟು, ಸೀರೆ ಎಲ್ಲ ಉಡಿಸಿ ಪೆಟ್ಟಿಗೇಲಿ ಮುಖ ಕಾಣೋ ಹಾಗೆ ಇಡ್ತಾರೆ, ಮುಖದ ಕಡೆ ಜಾಸ್ತಿ ಗಮನ ಕೊಡಿ. ತುಮಕೂರು ಕಡೆ ಲಿಂಗಾಯತರು ಕೂರಿಸಿ ಸಮಾಧಿ ಮಾಡ್ತಾರೆ, ಕಾಲು ಮಡಚೋಕೆ ಆಗ್ತಿಲ್ಲ ಅಂತ ಗಾಬರಿ ಆಗ್ತಾರೆ. ಸತ್ತ ಎರಡು ಮೂರು ಗಂಟೆಗೆ ಮೈ ಸೆಟೆಯೋಕೆ ಶುರುವಾಗಿ ಹನ್ನೆರಡು ಗಂಟೆಗೆಲ್ಲ ಪೂರ್ತಿ ಆಗುತ್ತೆ, ಆಮೇಲೆ ನಿಧಾನಕ್ಕೆ ಬಿಡುತ್ತೆ, ಬಿಸಿಲಲ್ಲಿ ಬೇಗ, ಫ್ರೀಜರಲ್ಲಿ ತಡ. ಬಲವಂತ ಮಾಡ್ಬೇಡಿ, ಕೀಲನ್ನ ಮೆಲ್ಲಗೆ ನಾಲ್ಕೈದು ಸಲ ಮಡಚಿ ಬಿಡಿಸಿದ್ರೆ ಸಡಿಲ ಆಗುತ್ತೆ ಅಂತ ಹೇಳಿ, ಆಗೋದಾದ್ರೆ ನೀವೇ ಮಾಡಿಕೊಡಿ. ಮಾತು ಮಾತ್ರ ಅವ್ರ ಭಾಷೇಲಿ ಆಡಿ. ನಮ್ಮ ಕಡೆ ಕನ್ನಡ, ತೆಲುಗು, ಉರ್ದು, ಕೆಜಿಎಫ್‌ಗೆ ತಮಿಳು, ನಾಲ್ಕರಲ್ಲೂ ಐದು ನಿಮಿಷ ಇರಿ, ಈಗ ಕೊಡ್ತೀವಿ ಅನ್ನೋಷ್ಟು ಬಂದ್ರೆ ಸಾಕು.

ಈಗ ಇನ್ನೊಂದು ಭಾಷೆ ಸೇರಿದೆ, ಹಿಂದಿ. ನರಸಾಪುರ, ಮಾಲೂರು ಫ್ಯಾಕ್ಟರಿಗಳಿಗೆ ಬಿಹಾರ, ಒಡಿಶಾ, ಅಸ್ಸಾಂ ಹುಡುಗ್ರು ಬಂದಿದಾರೆ, ಅವ್ರಲ್ಲಿ ಯಾರಾದ್ರೂ ತೀರಿಕೊಂಡ್ರೆ ದೇವನಹಳ್ಳಿ ಏರ್‌ಪೋರ್ಟಿಂದ ವಿಮಾನದಲ್ಲಿ ಕಳಿಸ್ಬೇಕು, ಅದಕ್ಕೆ ಎಂಬಾಮಿಂಗ್ ಸರ್ಟಿಫಿಕೇಟು, ಪೊಲೀಸ್ ಎನ್‌ಒಸಿ, ಸಾವಿನ ದಾಖಲೆ, ಸೀಲ್ ಮಾಡಿದ ಪೆಟ್ಟಿಗೆ ಬೇಕು. ಎಂಬಾಮಿಂಗ್ ಬಂದವ್ನಿಗೆ ಕೆಲ್ಸ ಇದೆ ಅಂದಿದ್ದು ಇದಕ್ಕೆ. ಪಿಎಂ ಆಗದ ಬಾಡೀಲಿ ತೊಡೆಯ ಅಥವಾ ಕುತ್ತಿಗೆಯ ಒಂದು ದೊಡ್ಡ ರಕ್ತನಾಳದಿಂದ ಫಾರ್ಮಾಲಿನ್ ದ್ರಾವಣ ಬಿಟ್ರೆ ಇಡೀ ಮೈಗೆ ಹೋಗುತ್ತೆ, ಪಿಎಂ ಆದ ಬಾಡೀಲಿ ನಾಳಗಳೆಲ್ಲ ಕತ್ತರಿಸಿರ್ತಾವೆ, ಹಾಗಾಗಿ ಎರಡು ಕಾಲು, ಎರಡು ಕೈ, ತಲೆ ಎಲ್ಲಕ್ಕೂ ಬೇರೆ ಬೇರೆ ಬಿಡ್ಬೇಕು. ಪಿಎಂಗೆ ಮುಂಚೆ ಮಾತ್ರ ಯಾವ ಕಾರಣಕ್ಕೂ ಎಂಬಾಮ್ ಮಾಡ್ಬೇಡಿ. ಫಾರ್ಮಾಲಿನ್ ಕ್ಯಾನ್ಸರ್ ತರೋ ವಸ್ತು, ಗಾಳಿ ಆಡೋ ಜಾಗ, ಕನ್ನಡಕ, ಸರಿಯಾದ ಮಾಸ್ಕ್ ಇಲ್ದೆ ಮುಟ್ಬೇಡಿ.

ದುಡ್ಡಿನ ವಿಷ್ಯ

ಪೋಸ್ಟ್‌ಮಾರ್ಟಂ ಉಚಿತ. ಬಟ್ಟೆ, ಹತ್ತಿ, ಹೊಲಿಗೆ ಅಂತ ಐನೂರು ಸಾವಿರ ಕೇಳೋ ಪದ್ಧತಿ ಇದೆ, ಸೇರಿದ ಮೊದಲ ವಾರದಲ್ಲೇ ನಿಮ್ಮ ಪಾಲು ಅಂತ ಕೈಗೆ ಇಡ್ತಾರೆ. ಸಂಬಳ ಸರಿಯಾಗಿ ಬರಲ್ಲ ಅನ್ನೋದು ನಿಜ, ನಾನೂ ಅದೇ ಸಂಬಳದಲ್ಲಿ ಇದ್ದವ್ನು. ಆದ್ರೆ ಟೊಮೆಟೊ ರೇಟ್ ಬಿದ್ದು ಔಷಧಿ ಕುಡಿದ ರೈತನ ಹೆಂಡ್ತಿ ಸೆರಗಿನ ಗಂಟು ಬಿಚ್ಚಿ ಕೊಡೋ ದುಡ್ಡು ಅದು. ಒಂದು ಸಲ ಬೇಡ ಅಂದ್ರೆ ಮತ್ತೆ ಯಾರೂ ನಿಮಗೆ ಪಾಲು ತರಲ್ಲ, ಮೊದಲ ಸಲ ಹೇಳೋದೇ ಕಷ್ಟ.

ಮನೆ, ಊರು, ತಲೆ

ಮುಚ್ಚಿಟ್ಟು ಸೇರ್ಬೇಡಿ, ಮನೇಲಿ ಹೇಳಿ. ನಾನು ಆಸ್ಪತ್ರೇಲಿ ವಾರ್ಡ್‌ಬಾಯ್ ಅಂತ ಒಂದು ವರ್ಷ ಸುಳ್ಳು ಹೇಳಿ, ಹೆಣ್ಣು ನೋಡೋಕೆ ಹೋದ ಕಡೆ ಗೊತ್ತಾಗಿ ಎದ್ದು ಬಂದಿದೀನಿ. ಆಮೇಲೆ ಹೋದ ಮನೇಲಿ ಕೂತ ತಕ್ಷಣ ಹೇಳ್ದೆ, ಆ ಮನೆಯವ್ಳೇ ಇವತ್ತು ನನ್ನ ಹೆಂಡ್ತಿ. ಈ ಕೆಲ್ಸನ ತಲೆತಲಾಂತರದಿಂದ ಒಂದಷ್ಟು ಜಾತಿಯೋರ ತಲೆಗೇ ಕಟ್ಟಿದಾರೆ, ನಾನೂ ಅಲ್ಲಿಂದಾನೇ ಬಂದವ್ನು, ಹೋಟೆಲಲ್ಲಿ ಗುರುತು ಹಿಡಿದು ಲೋಟ ದೂರ ಇಟ್ಟಿದ್ದೂ ಉಂಟು. ಯಾವ ಜಾತಿಯೋರೇ ಆಗ್ಲಿ ಬನ್ನಿ, ಕೆಲ್ಸ ಕಲೀರಿ, ಬಂದ್ರೇನೇ ಅದು ಬದಲಾಗೋದು.

ಮಕ್ಕಳ ಕೇಸು ಬಂದ ದಿನ ನಿದ್ದೆ ಬರಲ್ಲ, ಹನ್ನೊಂದು ವರ್ಷ ಆದ್ರೂ ಬರಲ್ಲ. ಅವತ್ತು ಜೊತೆಯಲ್ಲಿ ಮಾಡಿದವ್ನ ಜೊತೆ ಟೀ ಕುಡಿದು ಹತ್ತು ನಿಮಿಷ ಮಾತಾಡಿ, ನೋಡಿದ್ದನ್ನ ಬಾಯಿಬಿಟ್ಟು ಹೇಳಿ. ಊಟ ಸೇರ್ತಿಲ್ಲ, ಕನಸು ಬಿಡ್ತಿಲ್ಲ ಅಂದ್ರೆ ಟೆಲಿ ಮಾನಸ್ 14416ಕ್ಕೆ ಕಾಲ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಡ್ಯೂಟಿ ಬಟ್ಟೆ ಮನೆಗೆ ತರ್ಬೇಡಿ, ಅಲ್ಲೇ ಸ್ನಾನ ಮಾಡಿ ಬನ್ನಿ, ಚಪ್ಪಲೀನೂ ಬೇರೆ ಇಟ್ಕೊಳಿ.

ಶ್ರೀನಿವಾಸಪುರದ ಹುಡುಗನಿಗೆ ಸೋಮವಾರ ಒಂಬತ್ತು ಗಂಟೆಗೆ ಬಾ, ಟವೆಲ್ಲು, ಒಂದು ಜೊತೆ ಬಟ್ಟೆ, ನೀರಿಗೆ ಅಳಿಸದ ಕಪ್ಪು ಮಾರ್ಕರ್ ತಗೊಂಡು ಬಾ ಅಂದಿದ್ದೆ. ಎಂಟೂವರೆಗೇ ಬಂದು ನಿಂತಿದ್ದ. ಈಗ ಮೂರು ವಾರ ಆಗಿದೆ, ಎರಡನೇ ಡೋಸ್ ಲಸಿಕೆ ಇನ್ನೂ ಬಾಕಿ ಇದೆ, ರಿಜಿಸ್ಟರ್ ಅವ್ನೇ ಬರೀತಿದಾನೆ, ಅಕ್ಷರ ನನಗಿಂತ ದುಂಡಗಿದೆ.